ಪಟಪಟಿ ದೋಣಿಯಲ್ಲಿ ಪಿಸ್ಟನ್ ಎಲ್ಲಿದೆ?

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ದೊಡ್ಡವರ ಕಣ್ಣು ಶ್ರೀಕಂಠೇಶ್ವರನ ತೇರಿನ ಮೇಲೆ. ಮಕ್ಕಳ ಕಣ್ಣು ಮಾತ್ರ ಬೀದಿಯಂಚಿನಲ್ಲಿ ಆಟಿಕೆ ಮಾರುವವನು ಇಟ್ಟುಕೊಂಡ ನೀರಿನ ಟಬ್ಬಿನ ಮೇಲೆ. ಅಂಗೈ ಅಗಲದ ತಗಡಿನ ದೋಣಿಯೊಂದು ಪಟಪಟ ಸದ್ದು ಮಾಡುತ್ತ ಅದರಲ್ಲಿ ಸುತ್ತು ಹೊಡೆಯುತ್ತಿರುತ್ತದೆ. ಅದಕ್ಕೆ ಕೀಲಿಯಿಲ್ಲ, ಶೆಲ್ಲಿಲ್ಲ. ಹೊಟ್ಟೆಯೊಳಗೆ ಪುಟ್ಟ ಎಣ್ಣೆಬತ್ತಿಯೊಂದು ಉರಿಯುತ್ತಿದೆ, ಅಷ್ಟೆ.

ಹಟ ಹಿಡಿದು ಕೊಡಿಸಿಕೊಂಡ ದೋಣಿ ಮನೆಯಲ್ಲಿ ಎರಡು ದಿನ ಇಡಿಯಾಗಿ ಉಳಿದರೆ ಹೆಚ್ಚು. ಆಮೇಲೆ ಸ್ಕ್ರೂಡ್ರೈವರ್ ತಗಡಿನ ಸಂದಿಗೆ ಇಳಿಯುತ್ತದೆ. ಒಳಗೆ ಸಿಗುವುದು ತೆಳು ತಗಡಿನ ಚಪ್ಪಟೆ ಡಬ್ಬಿ, ಅದರಿಂದ ಹಿಂಬದಿಗೆ ಹೊರಟ ಎರಡು ಸಣ್ಣ ಕೊಳವೆ. ಚಕ್ರವಿಲ್ಲ, ಫ್ಯಾನಿಲ್ಲ, ಪಿಸ್ಟನ್ನೂ ಇಲ್ಲ. ಹಾಗಾದರೆ ದೋಣಿ ಓಡಿದ್ದು ಹೇಗೆ?

ಡಬ್ಬಿಯೊಳಗಿನ ಚೂರು ನೀರು ಬತ್ತಿಯ ಕಾವಿಗೆ ಉಗಿಯಾಗುತ್ತದೆ. ನೀರು ಉಗಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಆ ಉಗಿ ಕೊಳವೆಯಲ್ಲಿದ್ದ ನೀರನ್ನು ರಭಸದಿಂದ ಹಿಂದಕ್ಕೆ ತಳ್ಳುತ್ತದೆ, ದೋಣಿ ಮುಂದಕ್ಕೆ ಜಿಗಿಯುತ್ತದೆ. ಕೊಳವೆಯ ತಣ್ಣನೆಯ ಭಾಗಕ್ಕೆ ಬಂದ ಉಗಿ ಮತ್ತೆ ನೀರಾಗುತ್ತದೆ, ಒಳಗೆ ಒತ್ತಡ ಕುಸಿಯುತ್ತದೆ, ಹೊರಗಿನ ನೀರು ಒಳನುಗ್ಗುತ್ತದೆ. ಸೆಕೆಂಡಿಗೆ ಹಲವು ಬಾರಿ ಇದೇ ಆಟ. ಒತ್ತಡ ಏರಿ ಇಳಿದಂತೆಲ್ಲ ಡಬ್ಬಿಯ ಮೇಲಿನ ತೆಳು ತಗಡು ಉಬ್ಬಿ ಕುಗ್ಗುವುದರಿಂದ ಪಟಪಟ ಸದ್ದು. ಪಿಸ್ಟನ್ ಮಾಡಬೇಕಾದ ಕೆಲಸವನ್ನು ಇಲ್ಲಿ ಕೊಳವೆಯ ನೀರೇ ಮಾಡುತ್ತದೆ.

ಚುರುಕು ಮಕ್ಕಳು ಇಲ್ಲಿಗೆ ಬಿಡುವುದಿಲ್ಲ. ನೀರನ್ನು ಹೊರಗೆ ತಳ್ಳಿದಾಗ ದೋಣಿ ಮುಂದೆ ಹೋಗುವುದಾದರೆ, ಒಳಗೆ ಎಳೆದುಕೊಂಡಾಗ ಹಿಂದೆ ಬರಬೇಕಲ್ಲವೇ? ಬರುವುದಿಲ್ಲ. ಹೊರಹೋಗುವ ನೀರು ಒಂದೇ ದಿಕ್ಕಿಗೆ ನೆಟ್ಟಗೆ ಚಿಮ್ಮುತ್ತದೆ, ಒಳಬರುವ ನೀರು ಕೊಳವೆಯ ಬಾಯಿಯ ಸುತ್ತಲಿನಿಂದ ಬರುತ್ತದೆ. ತಳ್ಳಾಟ ಗಟ್ಟಿ, ಎಳೆದಾಟ ಸಡಿಲ. ಥಾಮಸ್ ಪಿಯೊ ಎಂಬಾತ ಇಂಥ ದೋಣಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1891ರಲ್ಲಿ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದೂ ಅದೇ ವರ್ಷ.

ಊರ ತುಂಬ ಎಂಜಿನ್

ಆ ರೈಲು ಹಳಿ 1926ರಲ್ಲಿ ಚಾಮರಾಜನಗರದವರೆಗೆ ಮುಂದುವರಿಯಿತು. ನಡುವೆ ಸಿಗುವ ನಿಲ್ದಾಣಗಳಲ್ಲಿ ಕವಲಂದೆಯೂ ಒಂದು. 1735ರಲ್ಲಿ ಕಟ್ಟಿದ ನಂಜನಗೂಡಿನ ಕಪಿಲಾ ಸೇತುವೆಯ ಮೇಲೆ ಎತ್ತಿನ ಗಾಡಿ, ಬಸ್ಸುಗಳ ಪಕ್ಕದಲ್ಲೇ ಉಗಿಬಂಡಿ ಹೊಗೆಯುಗುಳುತ್ತ ದಾಟುತ್ತಿದ್ದ ಕಾಲವನ್ನು ನೆನೆಯುವ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಮೀಟರ್ ಗೇಜ್ ಹೋಗಿ 2008ರ ಹೊತ್ತಿಗೆ ಬ್ರಾಡ್‌ಗೇಜ್ ಬಂತು. ಉಗಿಬಂಡಿ ಅದಕ್ಕೂ ಮೊದಲೇ ಮರೆಯಾಗಿತ್ತು.

ಹಾಗೆಂದು ಎಂಜಿನ್‌ಗೆ ಬರವಿಲ್ಲ. ಕವಲಂದೆ ಹೋಬಳಿಯ ಹೊಲಗಳಲ್ಲಿ ಟ್ರ್ಯಾಕ್ಟರ್, ತಿ. ನರಸೀಪುರದ ಭತ್ತದ ಗದ್ದೆಗಳಲ್ಲಿ ಪವರ್ ಟಿಲ್ಲರ್, ಹೊಳೆದಂಡೆಯಲ್ಲಿ ಡೀಸೆಲ್ ಪಂಪು, ಮನೆ ಮುಂದೆ ಬೈಕು. ಮೈಸೂರು ದಾರಿಯಲ್ಲಿ ಕಡಕೊಳದ ಬಳಿ ಟಿವಿಎಸ್ ಮೋಟಾರ್ ಕಾರ್ಖಾನೆ. ಮೈಸೂರು ನಗರದಲ್ಲಂತೂ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಯೆಜ್ದಿ ಬೈಕುಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತು.

ಇಷ್ಟೆಲ್ಲ ಎಂಜಿನ್‌ಗಳ ಸದ್ದಿನಲ್ಲೇ ಬೆಳೆಯುವ ಮಗು ಶಾಲೆಯಲ್ಲಿ ಎಂಜಿನ್ ಕಾಣುವುದು ಪುಸ್ತಕದ ಅಡ್ಡಸೀಳು ಚಿತ್ರದಲ್ಲಿ. ಬಾಣದ ಗುರುತು ಹಾಕಿ ಭಾಗಗಳನ್ನು ಹೆಸರಿಸಿದರೆ ಅಂಕ ಬಂತು. ಗ್ಯಾರೇಜಿನ ಹುಡುಗನ ಕಥೆ ಇದಕ್ಕೆ ತಿರುಗಾಮುರುಗಾ. ಕಣ್ಣು ಮುಚ್ಚಿಕೊಂಡು ಕಾರ್ಬುರೇಟರ್ ಬಿಚ್ಚಬಲ್ಲ ಅವನಿಗೆ ಅದು ಹಾಗೇಕೆ ಇದೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಎರಡನ್ನೂ ಒಟ್ಟಿಗೆ ಕಲಿತವರೂ ಇದ್ದಾರೆನ್ನಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದವರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಹೊರಬಂದದ್ದು ಅಂಥ ಕೈಗಳಿಂದ. ಹೊಲದ ಪಂಪಿನ ಮೇಲೆ ಮಕ್ಕಳು ಇಂದಿಗೂ ಓದುವ ಹೆಸರು ಅದೇ.

ಓಡದ ಮಾದರಿಯ ಉಪಕಾರ

ಮಾದರಿ ಎಂದರೆ ಪಾಠದ ಕೊನೆಯಲ್ಲಿ ಬರುವ ಅಲಂಕಾರವೆಂಬ ಭಾವನೆ ನಮ್ಮಲ್ಲಿದೆ. ಉಗಿಯಂತ್ರದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಥಾಮಸ್ ನ್ಯೂಕೊಮೆನ್ 1712ರಲ್ಲಿ ಗಣಿಯ ನೀರೆತ್ತಲು ದೊಡ್ಡ ಉಗಿಯಂತ್ರ ಕಟ್ಟಿದ. ಗ್ಲ್ಯಾಸ್ಗೊ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ಅದರದೊಂದು ಚಿಕ್ಕ ಮಾದರಿಯಿತ್ತು. ಅದು ಸರಿಯಾಗಿ ಓಡುತ್ತಿರಲಿಲ್ಲ. 1763ರ ಸುಮಾರಿಗೆ ರಿಪೇರಿಗೆ ಬಂದದ್ದು ಅಲ್ಲಿನ ಉಪಕರಣ ತಯಾರಕ ಜೇಮ್ಸ್ ವಾಟ್‌ನ ಕೈಗೆ.

ರಿಪೇರಿಯಾದ ಮೇಲೂ ಮಾದರಿ ನಾಲ್ಕಾರು ಹೊಡೆತಕ್ಕೆ ಉಸಿರುಗಟ್ಟಿ ನಿಲ್ಲುತ್ತಿತ್ತು. ಏಕೆಂದು ಅಳೆದು ನೋಡಿದಾಗ ಗುಟ್ಟು ತಿಳಿಯಿತು. ಉಗಿಯನ್ನು ತಣಿಸಲು ಸಿಲಿಂಡರಿನೊಳಗೇ ತಣ್ಣೀರು ಚಿಮುಕಿಸುತ್ತಿದ್ದರು. ಪ್ರತಿ ಹೊಡೆತಕ್ಕೂ ಸಿಲಿಂಡರ್ ತಣ್ಣಗಾಗಿ, ಮುಂದಿನ ಉಗಿಯ ಬಹುಪಾಲು ಅದನ್ನು ಮತ್ತೆ ಬಿಸಿ ಮಾಡುವುದರಲ್ಲೇ ಕರಗುತ್ತಿತ್ತು. ಉಗಿಯನ್ನು ಬೇರೆ ಪಾತ್ರೆಯಲ್ಲಿ ತಣಿಸಿದರೆ? 1765ರಲ್ಲಿ ಹೊಳೆದ ಈ ಉಪಾಯಕ್ಕೆ ವಾಟ್ 1769ರಲ್ಲಿ ಪೇಟೆಂಟ್ ಪಡೆದ. ದೊಡ್ಡ ಯಂತ್ರದಲ್ಲಿ ಕಣ್ಣಿಗೆ ಬೀಳದೆ ಕುಳಿತಿದ್ದ ದೋಷವನ್ನು ಚಿಕ್ಕ ಮಾದರಿ ದೊಡ್ಡದು ಮಾಡಿ ತೋರಿಸಿತ್ತು. ಗಾತ್ರ ಕಿರಿದಾದಷ್ಟೂ ಒಳಗಿನ ಉಗಿಗೆ ಹೋಲಿಸಿದರೆ ಕಾವು ಕಳೆದುಕೊಳ್ಳುವ ಗೋಡೆ ಹೆಚ್ಚಾಗುತ್ತದಲ್ಲ!

ಸಿರಿಂಜು, ಸೈಕಲ್ ಕಡ್ಡಿ, ಹಳೇ ಸಿಡಿ

ಐದನೆಯ ತರಗತಿಯ ಮಗು ಕಟ್ಟಬಹುದಾದ ಮೊದಲ ಎಂಜಿನ್‌ಗೆ ಬೆಂಕಿಯೇ ಬೇಡ. ಬೇಕಾದ್ದು ಎರಡು ಸೂಜಿಯಿಲ್ಲದ ಹೊಸ ಸಿರಿಂಜು, ಒಂದು ಮೊಳ ಸಣ್ಣ ಪ್ಲಾಸ್ಟಿಕ್ ಕೊಳವೆ, ಸೈಕಲ್ ಚಕ್ರದ ಕಡ್ಡಿ, ಹಾಳಾದ ಸಿಡಿ, ಒಂದು ತುಂಡು ಹಲಗೆ. ಕೊಳವೆಯ ಎರಡು ತುದಿಗೆ ಎರಡು ಸಿರಿಂಜು. ಒಂದನ್ನು ಹಲಗೆಗೆ ಕಟ್ಟಿ, ಅದರ ಹಿಡಿಯನ್ನು ಕಡ್ಡಿಯಿಂದ ಸಿಡಿಯ ಮೇಲಿನ ಒಂದು ಮೊಳೆಗೆ ಜೋಡಿಸಬೇಕು. ಸಿಡಿ ತನ್ನ ನಡುವಿನ ಅಚ್ಚಿನ ಮೇಲೆ ತಿರುಗುವಂತಿರಬೇಕು. ಇನ್ನೊಂದು ಸಿರಿಂಜು ಗೆಳತಿಯ ಕೈಯಲ್ಲಿ. ಅವಳೇ ಉಗಿ. ಅವಳು ಒತ್ತಿದರೆ ಇಲ್ಲಿ ಪಿಸ್ಟನ್ ಮುಂದೆ, ಎಳೆದರೆ ಹಿಂದೆ.

ಕೇಳುವುದಕ್ಕೆ ಸುಲಭ. ಮೊದಲ ಸಲ ಯಾರಿಗೂ ಓಡುವುದಿಲ್ಲ, ಓಡಬಾರದು ಕೂಡ. ಪಾಠವಿರುವುದು ಅಲ್ಲೇ.

ಸಿರಿಂಜಿನ ರಬ್ಬರು ಗೋಡೆಗೆ ಅಂಟಿಕೊಂಡು ತಡೆದು ತಡೆದು ಜಾರುತ್ತದೆ. ಒಂದು ತೊಟ್ಟು ಎಣ್ಣೆ ಬಿಟ್ಟಾಗ ಹಾದಿಗೆ ಬರುತ್ತದೆ. ಎಂಜಿನ್ ಆಯಿಲ್ ಬದಲಿಸಲು ಅಪ್ಪ ದುಡ್ಡು ಕೊಡುವುದು ಏಕೆಂಬುದು ಆ ತೊಟ್ಟಿನಲ್ಲಿ ತಿಳಿಯುತ್ತದೆ. ಹಳೆಯ ಕಾಲದ ಗಾಜಿನ ಸಿರಿಂಜು ಸಿಕ್ಕರೆ ಇನ್ನೂ ಲೇಸು, ಅದು ಬೆರಳು ತಾಗಿದರೆ ಜಾರುತ್ತದೆ. ಕೊಳವೆಯಲ್ಲಿ ಗಾಳಿಯಿದ್ದರೆ ಗೆಳತಿ ಒತ್ತಿದ್ದು ಇಲ್ಲಿಗೆ ತಡವಾಗಿ, ಮೆತ್ತಗೆ ತಲುಪುತ್ತದೆ. ನೀರು ತುಂಬಿದರೆ ತಕ್ಷಣ ತಲುಪುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಕಾರಿನ ಬ್ರೇಕ್ ಕೊಳವೆಯಲ್ಲಿ ಎಣ್ಣೆಯಿದ್ದಲ್ಲಿ ಗಾಳಿ ಸೇರಿದರೆ ಡ್ರೈವರ್ ಏಕೆ ಹೆದರುತ್ತಾನೆಂಬ ಪ್ರಶ್ನೆಗೂ ಇದೇ ಉತ್ತರ.

ಆಮೇಲೆ ಬರುವುದು ನಿಜವಾದ ಗಂಟು. ಮೊಳೆ, ಕಡ್ಡಿ, ಪಿಸ್ಟನ್ ಮೂರೂ ಒಂದೇ ಗೆರೆಯಲ್ಲಿ ನಿಂತ ಗಳಿಗೆಯಲ್ಲಿ ಎಷ್ಟು ಒತ್ತಿದರೂ ಸಿಡಿ ಅಲುಗುವುದಿಲ್ಲ. ಒತ್ತಡವೆಲ್ಲ ನೇರ ಅಚ್ಚಿನ ಮೇಲೆ ಬೀಳುತ್ತದೆ, ತಿರುಗಿಸುವ ಬಲ ಸೊನ್ನೆ. ಬೆರಳಿನಿಂದ ತುಸು ತಳ್ಳಿಕೊಟ್ಟರೆ ಅರ್ಧ ಸುತ್ತು ತಿರುಗಿ, ಎದುರು ಬದಿಯಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಡೆಡ್ ಸೆಂಟರ್, ಅಂದರೆ ಸತ್ತ ಬಿಂದು, ಎನ್ನುವುದು ಇದಕ್ಕೇ.

ಸಿಡಿಯ ಅಂಚಿಗೆ ಸಮದೂರದಲ್ಲಿ ನಾಲ್ಕು ನಟ್ಟುಗಳನ್ನು ಅಂಟಿಸಿ ನೋಡಬೇಕು. ಈಗ ಚಕ್ರ ಭಾರವಾಯಿತು. ಒಮ್ಮೆ ವೇಗ ಹಿಡಿದರೆ ಆ ಭಾರವೇ ಸತ್ತ ಬಿಂದುವನ್ನು ದಾಟಿಸುತ್ತದೆ. ಪುಸ್ತಕದಲ್ಲಿ ಫ್ಲೈವೀಲ್ ಎಂದು ಗುರುತಿಸಿದ ದಪ್ಪ ಚಕ್ರ ಏತಕ್ಕೆಂದು ಇನ್ನು ಬಾಯಿಪಾಠ ಮಾಡಬೇಕಿಲ್ಲ. ಗೆಳತಿಯೂ ತನ್ನ ಕೆಲಸ ಕಲಿತಿರುತ್ತಾಳೆ. ತಪ್ಪು ಗಳಿಗೆಯಲ್ಲಿ ಒತ್ತಿದರೆ ಚಕ್ರ ಉಲ್ಟಾ ತಿರುಗುತ್ತದೆ ಅಥವಾ ನಿಂತುಬಿಡುತ್ತದೆ. ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂಬ ಅವಳ ಲೆಕ್ಕವನ್ನೇ ನಿಜವಾದ ಎಂಜಿನ್‌ನಲ್ಲಿ ವಾಲ್ವ್ ಮಾಡುತ್ತದೆ.

ಉಗಿಬಂಡಿಗೆ ಅಂಥ ಫ್ಲೈವೀಲ್ ಕಾಣುವುದಿಲ್ಲ. ಸತ್ತ ಬಿಂದುವಿನಲ್ಲಿ ನಿಂತ ಬಂಡಿ ಮತ್ತೆ ಹೊರಡುವುದು ಹೇಗೆ? 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಉಗಿ ಎಂಜಿನ್‌ನ ಒಂದು ಬದಿ ನೋಡಿ, ಸುತ್ತಿ ಬಂದು ಇನ್ನೊಂದು ಬದಿಯನ್ನೂ ನೋಡಬೇಕು. ಎಡಗಡೆಯ ಸರಳು ಚಕ್ರಕ್ಕೆ ಸೇರಿದ ಜಾಗ ಮತ್ತು ಬಲಗಡೆಯದು ಒಂದೇ ಎತ್ತರದಲ್ಲಿ ಇರುವುದಿಲ್ಲ, ಕಾಲು ಸುತ್ತಿನ ವ್ಯತ್ಯಾಸವಿರುತ್ತದೆ. ಒಂದು ಬದಿಯ ಪಿಸ್ಟನ್ ಸತ್ತ ಬಿಂದುವಿನಲ್ಲಿದ್ದಾಗ ಇನ್ನೊಂದು ಬದಿಯದು ಪೂರ್ತಿ ಬಲದಲ್ಲಿ ತಳ್ಳುತ್ತಿರುತ್ತದೆ. ಸಿಡಿಯ ಎಂಜಿನ್ ಕಟ್ಟಿದ ಮಗುವಿಗೆ ಇದು ತಟ್ಟನೆ ಕಾಣುತ್ತದೆ. ಕಟ್ಟದವರು ಮಹಾರಾಣಿಯ ಸಲೂನ್ ಬೋಗಿ ನೋಡಿ, ಪುಟಾಣಿ ರೈಲು ಹತ್ತಿ, ಫೋಟೊ ತೆಗೆಸಿಕೊಂಡು ಬರುತ್ತಾರೆ.

ಅರ್ಧ ಕೆರೆದ ತಂತಿ

ಎಲೆಕ್ಟ್ರಿಕ್ ಸ್ಕೂಟರ್‌ಗಳ ಕಾಲದಲ್ಲಿ ಮೋಟಾರನ್ನೂ ಬಿಡುವಂತಿಲ್ಲ. ಒಂದು ಶೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ಅಯಸ್ಕಾಂತ, ಒಂದು ಮಾರು ಅರಗು ಬಳಿದ ತಾಮ್ರದ ತಂತಿ. ತಂತಿಯನ್ನು ಸುರುಳಿ ಸುತ್ತಿ, ಎರಡು ತುದಿಗಳನ್ನು ಪಿನ್ನುಗಳ ಕಣ್ಣಿನಲ್ಲಿ ತೂರಿಸಿದರೆ ಮೋಟಾರ್ ಸಿದ್ಧ. ತುದಿಗಳ ಅರಗನ್ನು ಬ್ಲೇಡಿನಿಂದ ಕೆರೆಯಬೇಕು.

ಮಕ್ಕಳು ಶ್ರದ್ಧೆಯಿಂದ ಎರಡೂ ತುದಿಯನ್ನು ಫಳಫಳ ಹೊಳೆಯುವಂತೆ ಕೆರೆಯುತ್ತಾರೆ. ಸುರುಳಿ ಅತ್ತ ಇತ್ತ ತೂಗಾಡಿ ನಿಲ್ಲುತ್ತದೆ, ತಿರುಗುವುದಿಲ್ಲ. ಅರ್ಧ ಸುತ್ತು ಮುಂದಕ್ಕೆ ತಳ್ಳಿದ ಬಲವೇ ಉಳಿದರ್ಧದಲ್ಲಿ ಹಿಂದಕ್ಕೆ ಎಳೆಯುತ್ತಿರುತ್ತದೆ. ಉಪಾಯವಿಷ್ಟೆ: ಒಂದು ತುದಿಯನ್ನು ಪೂರ್ತಿ ಕೆರೆದು, ಇನ್ನೊಂದರ ಮೇಲಿನ ಅರ್ಧವನ್ನು ಮಾತ್ರ ಕೆರೆಯಬೇಕು. ಆಗ ಹಿಂದಕ್ಕೆ ಎಳೆಯಬೇಕಾದ ಅರ್ಧ ಸುತ್ತಿನಲ್ಲಿ ಕರೆಂಟೇ ಹರಿಯುವುದಿಲ್ಲ. ಸುರುಳಿ ತನ್ನ ಓಘದಲ್ಲೇ ಆ ಭಾಗ ದಾಟುತ್ತದೆ. ಸಿಡಿಗೆ ಅಂಟಿಸಿದ ನಟ್ಟು ಮಾಡಿದ್ದೂ ಇದನ್ನೇ ಎಂದು ಯಾವುದಾದರೂ ಮಗು ಕೂಗಿದರೆ, ಮೇಷ್ಟರು ಅಂದಿನ ಪಾಠ ಅಲ್ಲಿಗೆ ನಿಲ್ಲಿಸಬಹುದು.

ನಾಲ್ಕು ಹೊಡೆತಕ್ಕೆ ಎರಡು ಸುತ್ತು

ಪೆಟ್ರೋಲ್ ಎಂಜಿನ್‌ನಲ್ಲಿ ಬೆಂಕಿ ಸಿಲಿಂಡರಿನ ಒಳಗೇ ಹೊತ್ತುತ್ತದೆ. ಅದನ್ನು ಮಕ್ಕಳ ಕೈಯಲ್ಲಿ ಉರಿಸುವ ಮಾತೇ ಇಲ್ಲ. ದಪ್ಪ ರಟ್ಟಿನಲ್ಲಿ ಕತ್ತರಿಸಿ, ಗುಂಡುಪಿನ್ನಿನಲ್ಲಿ ಜೋಡಿಸಿದ ಚಪ್ಪಟೆ ಮಾದರಿ ಸಾಕು. ಹೀರು, ಅದುಮು, ಸಿಡಿ, ಹೊರಹಾಕು ಎಂಬ ನಾಲ್ಕು ಹೊಡೆತ ಮುಗಿಯಲು, ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ವಾಲ್ವ್‌ಗಳಾದರೋ ಅಷ್ಟರಲ್ಲಿ ಒಂದೊಂದೇ ಸಲ ತೆರೆಯಬೇಕು. ಹಾಗಾಗಿ ವಾಲ್ವ್ ನಡೆಸುವ ಹಲ್ಲುಚಕ್ರಕ್ಕೆ ಕ್ರ್ಯಾಂಕಿನ ಚಕ್ರದ ಎರಡರಷ್ಟು ಹಲ್ಲು. ಇದನ್ನು ರಟ್ಟಿನಲ್ಲಿ ಹತ್ತು ಹಲ್ಲು, ಇಪ್ಪತ್ತು ಹಲ್ಲು ಎಂದು ಕತ್ತರಿಸಿದ ಕೈಗೆ ಅನುಪಾತದ ಲೆಕ್ಕ ಬೇರೆ ಹೇಳಿಕೊಡಬೇಕಿಲ್ಲ. ನಿಮಿಷಕ್ಕೆ 6,000 ಸುತ್ತು ತಿರುಗುವ ಬೈಕ್ ಎಂಜಿನ್‌ನಲ್ಲಿ ಸೆಕೆಂಡಿಗೆ 50 ಸಲ ಕಿಡಿ ಹಾರುತ್ತದೆ. ರಟ್ಟಿನ ಮಾದರಿಯನ್ನು ನಿಧಾನ ತಿರುಗಿಸಿದವರಿಗೆ ಈ ಸಂಖ್ಯೆ ಕೇಳಿ ತಲೆ ತಿರುಗುತ್ತದೆ.

ಡೀಸೆಲ್ ಎಂಜಿನ್‌ಗೆ ಕಿಡಿಯೂ ಬೇಡ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ತುದಿ ಮುಟ್ಟಿ ನೋಡಿದವರಿಗೆ ಅರ್ಧ ಉತ್ತರ ಗೊತ್ತು. ಅದುಮಿದ ಗಾಳಿ ಬಿಸಿಯಾಗುತ್ತದೆ. ಡೀಸೆಲ್ ಸಿಲಿಂಡರಿನಲ್ಲಿ ಗಾಳಿಯನ್ನು ಹದಿನೈದರಲ್ಲೋ ಇಪ್ಪತ್ತರಲ್ಲೋ ಒಂದು ಭಾಗಕ್ಕೆ ಅದುಮಿದಾಗ ಕಾವು 500 ಡಿಗ್ರಿ ದಾಟುತ್ತದೆ. ಅಲ್ಲಿಗೆ ಚಿಮುಕಿಸಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ.

ಬಿಚ್ಚಿ ನೋಡಲು ಗುಜರಿಯಲ್ಲಿ ಯಾವ ಎಂಜಿನ್ ಹುಡುಕಬೇಕು? ಹಳೇ ಟೂ ಸ್ಟ್ರೋಕ್ ಬೈಕಿನದು ಸಿಕ್ಕರೆ ಅದೃಷ್ಟ. ಅದರಲ್ಲಿ ಹಲ್ಲುಚಕ್ರ ನಡೆಸುವ ವಾಲ್ವೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವನ್ನು ಮುಚ್ಚಿ ತೆರೆಯುತ್ತದೆ. ಬಿಡಿಭಾಗ ಕಡಿಮೆ, ತರ್ಕ ಕಣ್ಣಿಗೆ ಕಾಣುವಂಥದು. ಯೆಜ್ದಿಯಂಥ ಒಳ್ಳೆಯ ಪಾಠೋಪಕರಣ ಮೈಸೂರು ಸೀಮೆಗೆ ಇನ್ನೊಂದಿಲ್ಲ ಎನ್ನಬಹುದಿತ್ತು, ಹಳೆ ಬೈಕಿನ ಮೋಹಿಗಳು ಈಗ ಅದನ್ನು ಗುಜರಿಗೆ ಬಿಡುತ್ತಿದ್ದರೆ!

ಥರ್ಮೋಕೋಲ್ ತೊಂದರೆ

ಕೈಯಾರೆ ಕಲಿಸುವ ಪ್ರಯತ್ನಗಳು ಹೊಸವಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ನೆಹರೂ 1962ರ ಜುಲೈ 14ರಂದು ಉದ್ಘಾಟಿಸಿದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಎಂಜಿನ್‌ಗಳಿಗೆಂದೇ ಒಂದು ಸಭಾಂಗಣವಿದೆ. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಿಂದ ವಿಜ್ಞಾನ ಕಲಿಸಿದ ಅರವಿಂದ ಗುಪ್ತ ಕಸದಿಂದ ಮಾಡುವ ಆಟಿಕೆಗಳನ್ನು ಹಲವು ಭಾರತೀಯ ಭಾಷೆಗಳಲ್ಲಿ ಪುಕ್ಕಟೆ ಹಂಚಿದವರು. 1999ರಲ್ಲಿ ಶುರುವಾದ ಅಗಸ್ತ್ಯ ಪ್ರತಿಷ್ಠಾನ ಪ್ರಯೋಗಾಲಯವನ್ನೇ ವ್ಯಾನಿನಲ್ಲಿ ತುಂಬಿಕೊಂಡು ಕರ್ನಾಟಕದ ಸರ್ಕಾರಿ ಶಾಲೆಗಳ ಅಂಗಳಕ್ಕೆ ತರುತ್ತದೆ. ಅಲ್ಲಿ ಪ್ರಯೋಗವನ್ನು ಮಕ್ಕಳೇ ಮಕ್ಕಳಿಗೆ ವಿವರಿಸುವ ಪದ್ಧತಿಯೂ ಇದೆ. ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತಿದೆ. ಆ ಹಣದಲ್ಲಿ ಥ್ರೀಡಿ ಪ್ರಿಂಟರ್, ರೊಬಾಟ್ ಕಿಟ್ಟು ಬರುತ್ತವೆ. ಅವುಗಳ ಪಕ್ಕದಲ್ಲಿ ಒಂದು ವೈಸು, ಒಂದು ಗರಗಸ, ಒಂದು ಬೆಸುಗೆ ಕಡ್ಡಿ ಇದ್ದು ಅವು ದಿನವೂ ಬಳಕೆಯಾದರೆ ಲ್ಯಾಬ್ ಬದುಕಿದೆ ಎಂದು ತಿಳಿಯಬಹುದು.

ಇನ್ನೊಂದು ಕಡೆ ವಿಜ್ಞಾನ ವಸ್ತುಪ್ರದರ್ಶನವೆಂಬ ವಾರ್ಷಿಕ ಹಬ್ಬ. ಬಹುಮಾನ ಪಡೆಯುವ ಮಾದರಿಗಳಲ್ಲಿ ಅಪ್ಪಂದಿರು ರಾತ್ರಿ ಕುಳಿತು ಅಂಟಿಸಿದವೆಷ್ಟೋ, ಸ್ಟೇಷನರಿ ಅಂಗಡಿಯಿಂದ ಇಡಿಯಾಗಿ ಬಂದವೆಷ್ಟೋ. ಥರ್ಮೋಕೋಲಿನ ಜಲವಿದ್ಯುತ್ ಕೇಂದ್ರಕ್ಕೆ ನೀಲಿ ಬಣ್ಣ ಚೆನ್ನಾಗಿ ಬಂದಿರುತ್ತದೆ, ಟರ್ಬೈನ್ ತಿರುಗುವುದಿಲ್ಲ. ವಿವರಣೆ ಕೇಳಿದರೆ ಮಗು ಎರಡು ನಿಮಿಷ ಒಪ್ಪಿಸುತ್ತದೆ, ನಡುವೆ ಪ್ರಶ್ನೆ ಹಾಕಿದರೆ ಮೊದಲಿನಿಂದ ಶುರು ಮಾಡುತ್ತದೆ. ತೀರ್ಪುಗಾರರು ‘ಇದು ಓಡದಿದ್ದಾಗ ಏನು ಮಾಡಿದೆ?’ ಎಂಬ ಒಂದೇ ಪ್ರಶ್ನೆ ಕೇಳುವ ರೂಢಿ ಮಾಡಿಕೊಂಡರೆ ಅರ್ಧ ಮಾದರಿಗಳು ಮುಂದಿನ ವರ್ಷ ಮನೆಯಲ್ಲೇ ಉಳಿಯುತ್ತವೆ.

ಕೈಯಾರೆ ಕಲಿಯುವ ಜಾಗ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕವಲಂದೆಯಿಂದ ಸ್ವಲ್ಪವೇ ದೂರದ ಬದನವಾಳಿನ ಖಾದಿ ಕೇಂದ್ರದ ಚರಕದಲ್ಲಿ ಕೈತಿರುವು, ಪಟ್ಟಿ, ದೊಡ್ಡ ಚಕ್ರ–ಸಣ್ಣ ಕದಿರುಗಳ ವೇಗದ ಲೆಕ್ಕ ಎಲ್ಲವೂ ಇದೆ. ನಂಜನಗೂಡು ತಾಲ್ಲೂಕಿನದೇ ಆದ ಸುತ್ತೂರು ಜಾತ್ರೆಯಲ್ಲಿ ಕೃಷಿ ಮೇಳ, ವಸ್ತುಪ್ರದರ್ಶನ ನಡೆಯುತ್ತವೆ. ಶಾಲೆಗಳಲ್ಲಿ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ವಿದೆ. ಆ ದಿನ ಊರಿನ ಪಂಪ್ ರಿಪೇರಿಯವರನ್ನೋ ಟ್ರ್ಯಾಕ್ಟರ್ ಮೆಕ್ಯಾನಿಕ್ಕನ್ನೋ ಕರೆಸಿ, ಹಾಳಾದ ಎಂಜಿನ್ ಒಂದನ್ನು ಗೋಣಿತಟ್ಟಿನ ಮೇಲೆ ಬಿಚ್ಚಿಸಿದರೆ ಖರ್ಚು ಚಹಾದ್ದಷ್ಟೆ. ಹೆಣ್ಣುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು, ಸ್ಪ್ಯಾನರ್ ಅವರ ಕೈಗೂ ಹೋಗಬೇಕು. ಗ್ಯಾರೇಜಿನ ಬಾಗಿಲು ಅವರಿಗೆ ಇಂದಿಗೂ ಅರ್ಧವೇ ತೆರೆದಿದೆ.

ಬೆಂಕಿ, ಉಗಿ ಮತ್ತು ಮುಚ್ಚಳ

ಉಗಿಯ ಮಾದರಿಗೆ ಕೈಹಾಕುವಾಗ ಒಂದು ನಿಯಮಕ್ಕೆ ರಿಯಾಯಿತಿ ಇಲ್ಲ. ಮುಚ್ಚಳ ಬಿಗಿದ ಡಬ್ಬಿಯನ್ನು ಒಲೆಯ ಮೇಲೆ ಇಡಬಾರದು. ಒಂದು ಚಮಚ, ಅಂದರೆ 5 ಮಿಲಿ ನೀರು ಪೂರ್ತಿ ಉಗಿಯಾದರೆ 8 ಲೀಟರಿನಷ್ಟು ಜಾಗ ಕೇಳುತ್ತದೆ. ಹೊರದಾರಿ ಸಿಗದಿದ್ದರೆ ಡಬ್ಬಿ ಸಿಡಿಯುತ್ತದೆ. ಪಟಪಟಿ ದೋಣಿ ಸುರಕ್ಷಿತ ಎನಿಸುವುದು ಅದರ ಕೊಳವೆಗಳ ಬಾಯಿ ಸದಾ ತೆರೆದಿರುವುದರಿಂದ. ಸ್ಪಿರಿಟ್ ಬದಲು ಮೇಣದ ಬತ್ತಿ ಬಳಸುವುದು ವಾಸಿ, ಸ್ಪಿರಿಟ್ಟಿನ ಉರಿ ಬಿಸಿಲಿನಲ್ಲಿ ಕಣ್ಣಿಗೇ ಕಾಣದು.

ಅಡುಗೆಮನೆಯಲ್ಲಿ ದೊಡ್ಡವರೇ ಮಾಡಿ ತೋರಿಸಬಹುದಾದದ್ದು ಕುಕ್ಕರಿನ ಪ್ರಯೋಗ. ತೆಳು ತಗಡಿನಲ್ಲಿ ಕತ್ತರಿಸಿದ ಗಿರಗಿಟ್ಟಲೆಯನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ಉಗಿ ಚಿಮ್ಮುವ ಕಡೆ ಒಡ್ಡಬೇಕು, ಮಕ್ಕಳು ಎರಡು ಮಾರು ದೂರ ನಿಲ್ಲಬೇಕು. ಗಿರಗಿಟ್ಟಲೆ ಗಿರ್ರೆಂದು ತಿರುಗುತ್ತದೆ. ಪಿಸ್ಟನ್ ಇಲ್ಲ, ಕ್ರ್ಯಾಂಕ್ ಇಲ್ಲ, ಹಾಗಾಗಿ ಸತ್ತ ಬಿಂದುವಿನ ಕಾಟವೂ ಇಲ್ಲ. ಟರ್ಬೈನ್ ಎಂದರೆ ಇದೇ.

ಇದರ ದೊಡ್ಡಣ್ಣ ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿದೆ. ಅಲ್ಲಿನ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಕಬ್ಬಿನ ಸಿಪ್ಪೆ ಉರಿಸಿ ಉಗಿ ಎಬ್ಬಿಸುತ್ತದೆ. ಆ ಉಗಿ ಟರ್ಬೈನ್ ತಿರುಗಿಸಿ ವಿದ್ಯುತ್ ಹುಟ್ಟಿಸುತ್ತದೆ, ಉಳಿದ ಉಗಿಯ ಕಾವಿನಲ್ಲಿ ಕಬ್ಬಿನ ಹಾಲು ಬತ್ತುತ್ತದೆ. ಕಾರ್ಖಾನೆಗೆ ಬೇಕಾಗಿ ಮಿಕ್ಕ ಕರೆಂಟು ವಿದ್ಯುತ್ ಜಾಲ ಸೇರುತ್ತದೆ. ಅದೇ ಜಾಲದ ತಂತಿ ಹೊಲದ ಕಂಬಕ್ಕೆ ಬಂದು ಪಂಪ್‌ಸೆಟ್ಟಿನ ಮೋಟಾರ್ ತಿರುಗಿಸುತ್ತದೆ, ಮುಂದಿನ ವರ್ಷದ ಕಬ್ಬಿಗೆ ನೀರು ಹರಿಯುತ್ತದೆ.